ಒಂದು ಪದದೊಳಗೆ ಹಲವು ಭಾಷೆ

'ಕರಿ' ಎಂಬ ಪದವನ್ನೇ ತೆಗೆದುಕೊಳ್ಳಿ. ಕನ್ನಡದಲ್ಲಿ ಕಪ್ಪು, ಸಂಸ್ಕೃತದಲ್ಲಿ ಆನೆ. 'ಬಜ್ಜಿ ಕರಿ' ಎಂದಾಗ ಅರ್ಥವೇ ಬೇರೆ. ಇದನ್ನು ಶ್ಲೇಷೆ ಎಂದು ಅಲಂಕಾರದ ಪಾಠದಲ್ಲಿ ಓದಿದ್ದೀರಿ. ಇಂಥ ಆಟವನ್ನು ಇಡೀ ಕಾದಂಬರಿಗೆ, ಹತ್ತಾರು ಭಾಷೆಗಳಿಗೆ ಹಬ್ಬಿಸಿದವನು ಐರ್ಲೆಂಡಿನ ಜೇಮ್ಸ್ ಜಾಯ್ಸ್. ಸುಮಾರು 17 ವರ್ಷ ದುಡಿದು ಬರೆದ ಅವನ 'ಫಿನ್ನೆಗನ್ಸ್ ವೇಕ್' 1939ರಲ್ಲಿ ಪ್ರಕಟವಾಯಿತು.

ಹೆಸರನ್ನೇ ನೋಡಿ. ಏಣಿಯಿಂದ ಬಿದ್ದು ಸತ್ತ ಕೂಲಿಯೊಬ್ಬ, ಹೆಣ ಕಾಯುವಾಗ ಮೈಮೇಲೆ ವಿಸ್ಕಿ ಚೆಲ್ಲಿದ್ದರಿಂದ ಎದ್ದು ಕುಳಿತ ಕಥೆಯ ಐರಿಶ್ ಹಾಡೊಂದಿದೆ. ಹಾಡಿನ ಹೆಸರಿನಲ್ಲಿ 'ಫಿನ್ನೆಗನ್ನನ' ಎಂದು ಸೂಚಿಸುವ ಚಿಹ್ನೆಯಿದೆ. ಜಾಯ್ಸ್ ಅದನ್ನು ತೆಗೆದುಹಾಕಿದ. 'ವೇಕ್' ಎಂದರೆ ಹೆಣ ಕಾಯುವುದು, ಎಚ್ಚರಗೊಳ್ಳುವುದು ಎರಡೂ. ಚಿಹ್ನೆ ಹೋದೊಡನೆ 'ಫಿನ್ನೆಗನ್ನರು ಏಳುತ್ತಾರೆ' ಎಂದೂ ಓದಬಹುದು. 'ಫಿನ್' ಎಂದು ಕಾಣುವ ಫ್ರೆಂಚ್ ಪದಕ್ಕೆ ಕೊನೆ ಎಂದರ್ಥ. ಉಳಿದ ಭಾಗ ಇಂಗ್ಲಿಷಿನ 'ಎಗೇನ್', ಅಂದರೆ 'ಮತ್ತೆ', ಎಂಬಂತೆ ಕೇಳುತ್ತದೆ. ಅದಕ್ಕೆ ತಕ್ಕಂತೆ ಪುಸ್ತಕದ ಕೊನೆಯ ವಾಕ್ಯ ಅರ್ಧಕ್ಕೇ ನಿಂತು, ಮೊದಲ ವಾಕ್ಯಕ್ಕೆ ಹೋಗಿ ಸೇರುತ್ತದೆ!

ಮೊದಲ ಪುಟದಲ್ಲೇ 100 ಅಕ್ಷರಗಳ ಒಂದು ಪದ. ಗುಡುಗಿಗೆ ಜಪಾನೀ, ಫ್ರೆಂಚ್, ಇಟಾಲಿಯನ್ ಮೊದಲಾದ ಭಾಷೆಗಳಲ್ಲಿರುವ ಪದಗಳನ್ನು ಅದರಲ್ಲಿ ಬೆಸೆದಿದ್ದಾನೆ. ಕಣ್ಣಿಗೆ ಅದು ಅಚ್ಚಿನ ತಪ್ಪು. ಗಟ್ಟಿಯಾಗಿ ಓದಿದರೆ ಗುಡುಗು.

ಜಾಯ್ಸನನ್ನು ಮೊದಲಿನಿಂದ ಬೆಂಬಲಿಸಿದ್ದ ಕವಿ ಎಜ್ರಾ ಪೌಂಡನಿಗೇ ಇದು ರುಚಿಸಲಿಲ್ಲ. ಓದುಗನನ್ನು ಇಷ್ಟು ದಣಿಸುವುದು ನ್ಯಾಯವೇ? ಪೂರ್ತಿ ನ್ಯಾಯವಲ್ಲ ಎಂದೇ ನನ್ನೆಣಿಕೆ. ಆದರೆ ಇಲ್ಲಿ ಇಂಗ್ಲಿಷ್ ಚೆನ್ನಾಗಿ ಬಲ್ಲವನೂ ತಡವರಿಸಬೇಕು. ಎರಡು ಮೂರು ಭಾಷೆಗಳ ನಡುವೆ ಬೆಳೆದ ಕಿವಿಗೆ ಅವನು ಕೇಳದ್ದು ಕೇಳಿಸೀತು. ಒಂದು ಪುಟವನ್ನು ಗೆಳೆಯರ ಮುಂದೆ ಗಟ್ಟಿಯಾಗಿ ಓದಿ. ಯಾರಿಗೆ ಯಾವ ಪದ ಕೇಳಿಸಿತೆಂದು ಬರೆದಿಟ್ಟುಕೊಳ್ಳಿ.