ಹೋರಾಡದ ಸಮಬಲ

ಆಳಂದ, ಅಫಜಲಪುರ, ಜೇವರ್ಗಿಗಳ ಜಾತ್ರೆಯ ಕಣದಲ್ಲಿ ಜಟ್ಟಿಗಳಿಬ್ಬರು ಪಟ್ಟು ಹಾಕದೆಯೇ ಕೈಕುಲುಕಿ ಹೊರನಡೆದರೆ ನೆರೆದ ಜನರು ಒಪ್ಪುವರೇ? ಚದುರಂಗದ ಧುರೀಣರಾದರೋ ಇದನ್ನು ನಿಸ್ಸಂಕೋಚವಾಗಿ ಮಾಡಿದುದುಂಟು. 1962ರಲ್ಲಿ, ಜಗಜ್ಜೇತನಿಗೆ ಎದುರಾಳಿಯನ್ನು ಆರಿಸಲು ಕ್ಯುರಸಾವ್ ದ್ವೀಪದಲ್ಲಿ ನಡೆದ ಪಂದ್ಯಾವಳಿಯಲ್ಲಿ, ಸೋವಿಯತ್ ಆಟಗಾರರಾದ ಪೆಟ್ರೋಸಿಯನ್, ಕೆರೆಸ್, ಗೆಲ್ಲರ್ ತಮ್ಮೊಳಗಿನ 12 ಆಟಗಳನ್ನೂ, ಬಹುಪಾಲು ಬೇಗನೆಯೇ, ಸಮಬಲದಲ್ಲಿ ಮುಗಿಸಿದರು. ಮೊದಲ ಮೂರು ಸ್ಥಾನಗಳೂ ಅವರಿಗೇ ಸಂದವು. ಅಮೆರಿಕದ ಫಿಷರನು ಬಹಿರಂಗವಾಗಿ ಪ್ರತಿಭಟಿಸಿದನು. 1965ರಲ್ಲಿ ಆ ಪದ್ಧತಿಯನ್ನೇ ಬಿಟ್ಟು, ಸೋತವನು ಹೊರಬೀಳುವ ಇಬ್ಬಿಬ್ಬರ ಸ್ಪರ್ಧೆಯನ್ನು ತರಲಾಯಿತು.

ಹೋರಾಡಿ ಪಡೆದ ಸಮಬಲವು ಗೌರವಾರ್ಹವೇ ಸರಿ. ಹೋರಾಡದೆ ಪಡೆದುದಾದರೋ ಉಳಿದ ಸ್ಪರ್ಧಿಗಳ ನ್ಯಾಯವಾದ ಪಾಲನ್ನು ಕಸಿಯುತ್ತದೆ. ಆದುದರಿಂದ ನಮ್ಮ ತಾಲೂಕುಗಳಲ್ಲಿ ಪಂದ್ಯಗಳನ್ನೇರ್ಪಡಿಸುವವರು, 30 ನಡೆಗಳಿಗೆ ಮೊದಲು ಸಮಬಲದ ಒಪ್ಪಂದವು ಸಲ್ಲದೆಂದು ಆರಂಭದಲ್ಲಿಯೇ ಸಾರಬೇಕೆಂದು ನಾವು ಬಿನ್ನವಿಸುತ್ತೇವೆ.