ಖಾಸಗಿತನ ಕಾಯುವ ಫೋನ್: ಆಯ್ಕೆ ಹೇಗೆ?

ಸ್ಮಾರ್ಟ್‌ಫೋನನ್ನು ನಾವು ದೂರವಾಣಿ ಎನ್ನುತ್ತೇವೆ. ವಾಸ್ತವವಾಗಿ ಅದು ಅಳತೆಯ ಉಪಕರಣಗಳ ಪುಟ್ಟ ಪೆಟ್ಟಿಗೆ. ವೇಗೋತ್ಕರ್ಷ, ಕಾಂತಕ್ಷೇತ್ರ ಮತ್ತು ಬೆಳಕನ್ನು ಅಳೆಯುವ ಸಂವೇದಕಗಳು, ಉಪಗ್ರಹಗಳ ಸಂಕೇತ ಹಿಡಿಯುವ ಗ್ರಾಹಕ, ಮೈಕ್, ಕ್ಯಾಮೆರಾ ಎಲ್ಲವೂ ಅದರಲ್ಲಿವೆ. ಪ್ರಯೋಗಶಾಲೆಯಲ್ಲಿ ನೀವು ಮಾಡಿದ ಅಳತೆ ನಿಮ್ಮ ಪುಸ್ತಕದಲ್ಲಿ ಉಳಿಯುತ್ತದೆ. ಫೋನ್ ಮಾಡಿದ ಅಳತೆ ಯಾರ ಪುಸ್ತಕ ಸೇರುತ್ತದೆ? ಹೊಸ ಫೋನ್ ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆ ಇದು.

ಮಾಹಿತಿ ಹೋಗುವ ಮೂರು ದಾರಿಗಳು

ಮೊದಲನೆಯದು ಮೊಬೈಲ್ ಗೋಪುರ. ಫೋನ್ ಕಳಿಸುವ ಸಂಕೇತ ತನಗೆ ಗೊತ್ತುಮಾಡಿದ ಸಮಯಕ್ಕೆ ಸರಿಯಾಗಿ ಗೋಪುರವನ್ನು ಮುಟ್ಟಬೇಕು. ಆದ್ದರಿಂದ ದೂರದಲ್ಲಿರುವ ಫೋನ್ ತುಸು ಮೊದಲೇ ಕಳಿಸಬೇಕು. ಎಷ್ಟು ಮೊದಲು ಎಂಬುದನ್ನು ಗೋಪುರವೇ ಅಳೆದು ತಿಳಿಸುತ್ತದೆ. 2ಜಿ ವ್ಯವಸ್ಥೆಯಲ್ಲಿ ಈ ಅಳತೆಯ ಒಂದು ಹಂತ 3.69 ಮೈಕ್ರೊಸೆಕೆಂಡ್. ಅಷ್ಟರಲ್ಲಿ ರೇಡಿಯೊ ಅಲೆ ಸುಮಾರು 1,107 ಮೀಟರ್ ಸಾಗುತ್ತದೆ. ಇದು ಹೋಗಿ ಬರುವ ದೂರ. ಅರ್ಧ ಮಾಡಿದರೆ ಸುಮಾರು 550 ಮೀಟರ್. 4ಜಿಯಲ್ಲಿ ಹಂತ 0.52 ಮೈಕ್ರೊಸೆಕೆಂಡ್, ಅಂದರೆ ದೂರ ಸುಮಾರು 78 ಮೀಟರ್. ನೀವು ಜಿಪಿಎಸ್ ಆರಿಸಿದ್ದರೂ ಗೋಪುರಕ್ಕೆ ನಿಮ್ಮ ದೂರದ ಅಂದಾಜು ಸಿಗುತ್ತದೆ. ಸಂಪರ್ಕ ಇರಬೇಕೆಂದರೆ ಇದು ತಪ್ಪದು. ಯಾವ ದುಬಾರಿ ಫೋನೂ ಇದನ್ನು ನಿವಾರಿಸಲಾರದು. ಹಾಗೆ ಹೇಳುವ ಜಾಹೀರಾತನ್ನು ನಂಬಬೇಡಿ.

ಎರಡನೆಯದು ಫೋನಿನ ಕಾರ್ಯಾಚರಣ ವ್ಯವಸ್ಥೆ. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಪ್ರಾಧ್ಯಾಪಕ ಡಗ್ಲಸ್ ಲೀತ್ 2021ರಲ್ಲಿ ಇದನ್ನು ಅಳೆದರು. ಆಂಡ್ರಾಯ್ಡ್ ಮತ್ತು ಐಫೋನ್ ಎರಡೂ, ಬಳಸದೆ ಸುಮ್ಮನೆ ಇಟ್ಟಾಗಲೂ, ಸರಾಸರಿ ನಾಲ್ಕೂವರೆ ನಿಮಿಷಕ್ಕೊಮ್ಮೆ ತಯಾರಕರೊಂದಿಗೆ ಮಾಹಿತಿ ಹಂಚಿಕೊಳ್ಳುತ್ತಿದ್ದವು. ಆಂಡ್ರಾಯ್ಡ್ ಗೂಗಲ್‌ಗೆ ಕಳಿಸಿದ ಮಾಹಿತಿಯ ಗಾತ್ರ, ಐಫೋನ್ ಆಪಲ್‌ಗೆ ಕಳಿಸಿದ್ದರ ಸುಮಾರು 20 ಪಟ್ಟು. ಅಳತೆಯ ವಿಧಾನವನ್ನು ಗೂಗಲ್ ಒಪ್ಪಲಿಲ್ಲ. ಗಾತ್ರವೊಂದರಿಂದಲೇ ಹಾನಿಯನ್ನು ಅಳೆಯಲಾಗದು ಎಂಬುದೂ ನಿಜ. ಆದರೆ ‘ಸುಮ್ಮನಿರುವ ಫೋನ್’ ಸುಮ್ಮನಿರುವುದಿಲ್ಲ ಎಂಬುದು ಸ್ಪಷ್ಟವಾಯಿತು.

ಮೂರನೆಯದು ನಾವೇ ಹಾಕಿಕೊಳ್ಳುವ ಆ್ಯಪ್‌ಗಳು. ಟಾರ್ಚ್ ಆ್ಯಪ್‌ಗೆ ನಿಮ್ಮ ಸಂಪರ್ಕ ಪಟ್ಟಿ ಏಕೆ ಬೇಕು? ‘ಒಪ್ಪಿಗೆ’ ಒತ್ತುವ ಮುನ್ನ ಯೋಚಿಸಿ. ಅದೃಷ್ಟವಶಾತ್ ಈ ದಾರಿ ಬಹುಮಟ್ಟಿಗೆ ನಮ್ಮ ಕೈಯಲ್ಲೇ ಇದೆ.

ಖಾಸಗಿತನ ಮತ್ತು ಅನುಕೂಲ

ಹಾಗಾದರೆ ತಯಾರಕರ ತಂತ್ರಾಂಶವನ್ನೇ ಕಿತ್ತುಹಾಕಿದರೆ? ಆಂಡ್ರಾಯ್ಡ್‌ನ ತಿರುಳು ಮುಕ್ತ ತಂತ್ರಾಂಶ. ಅದನ್ನು ಯಾರೂ ಪಡೆದು ಬದಲಿಸಬಹುದು. ಲಿನೇಜ್ ಓಎಸ್, ಗ್ರಾಫೀನ್ ಓಎಸ್ ಹುಟ್ಟಿದ್ದು ಹೀಗೆ. ಆದರೆ ಇಲ್ಲಿ ಎರಡು ತೊಡಕುಗಳಿವೆ.

ಒಂದು, ಸುರಕ್ಷತೆ. ಫೋನ್ ಶುರುವಾಗುವಾಗ ತನ್ನ ತಂತ್ರಾಂಶವನ್ನು ಯಾರಾದರೂ ತಿದ್ದಿದ್ದಾರೆಯೇ ಎಂದು ಗಣಿತೀಯ ಸಹಿಯ ಮೂಲಕ ಪರೀಕ್ಷಿಸಿಕೊಳ್ಳುತ್ತದೆ. ಬೇರೆ ವ್ಯವಸ್ಥೆ ಹಾಕಲು ಈ ಬೀಗ ತೆಗೆಯಬೇಕು. ಬಹಳಷ್ಟು ಫೋನುಗಳಲ್ಲಿ ಅದನ್ನು ಮತ್ತೆ ಹಾಕಲಾಗದು. ಆಗ ಖಾಸಗಿತನಕ್ಕೆಂದು ಸುರಕ್ಷತೆಯನ್ನು ಬಿಟ್ಟುಕೊಟ್ಟಂತಾಗುತ್ತದೆ.

ಇನ್ನೊಂದು, ದಿನನಿತ್ಯದ ಕೆಲಸ. 2016ರಲ್ಲಿ ಬಂದ ಯುಪಿಐ ಇಂದು ತರಕಾರಿ ಅಂಗಡಿಯವರೆಗೂ ತಲುಪಿದೆ. ಹಲವು ಬ್ಯಾಂಕ್ ಆ್ಯಪ್‌ಗಳು ಫೋನಿನ ತಂತ್ರಾಂಶ ಮಾನ್ಯತೆ ಪಡೆದದ್ದೇ ಎಂದು ಗೂಗಲ್ ಸೇವೆಯ ಮೂಲಕ ವಿಚಾರಿಸುತ್ತವೆ; ಉತ್ತರ ‘ಇಲ್ಲ’ ಎಂದಾದರೆ ತೆರೆದುಕೊಳ್ಳದಿರಬಹುದು. ತಿಂಗಳ ಕೊನೆಗೆ ಹಣ ಕಳಿಸಲಾಗದ ಫೋನ್ ಎಷ್ಟು ಖಾಸಗಿಯಾಗಿದ್ದರೇನು? ಬೇಸತ್ತು ಹಳೆಯ ಫೋನಿಗೇ ಮರಳುತ್ತೇವೆ. ಆದ್ದರಿಂದ ನೆಮ್ಮದಿಯಿಂದ ಬಳಸಲಾಗುವುದೂ ಖಾಸಗಿತನದ ಒಂದು ಅಂಗವೇ.

ಮೂರು ಆಯ್ಕೆಗಳು

1. ಫೋನಿನೊಳಗೆ ಕೈ ಹಾಕಲು ಸಮಯವಿಲ್ಲದವರಿಗೆ ಐಫೋನ್ ಸುಲಭ. 2021ರ 14.5ನೇ ಆವೃತ್ತಿಯಿಂದ ಅದರಲ್ಲಿ ಒಂದು ಆ್ಯಪ್ ಬೇರೆ ಕಂಪೆನಿಗಳ ಆ್ಯಪ್ ಹಾಗೂ ತಾಣಗಳಲ್ಲಿ ನಿಮ್ಮನ್ನು ಹಿಂಬಾಲಿಸಲು ಮೊದಲು ನಿಮ್ಮ ಅನುಮತಿ ಕೇಳಬೇಕು. ಆದರೆ ಬೆಲೆ ಹೆಚ್ಚು. ಮಾಹಿತಿ ಆಪಲ್‌ಗೆ ಹೋಗುವುದಂತೂ ಇದ್ದೇ ಇದೆ.

2. ಬಜೆಟ್ ಮಿತವಾಗಿದ್ದರೆ, ದೀರ್ಘಕಾಲ ಸುರಕ್ಷತಾ ಪರಿಷ್ಕರಣೆ ಸಿಗುವ, ಅನಗತ್ಯ ಆ್ಯಪ್‌ಗಳನ್ನು ತುಂಬಿರದ ಆಂಡ್ರಾಯ್ಡ್ ಫೋನ್ ಕೊಳ್ಳಿ. ಮುಂದೆ ಹೇಳುವ ಹೊಂದಿಕೆಗಳನ್ನು ಮಾಡಿಕೊಳ್ಳಿ. ಪರಿಷ್ಕರಣೆ ನಿಂತ ಫೋನ್ ಬೀಗವಿಲ್ಲದ ಮನೆಯಂತೆ. 2023ರ ಪಿಕ್ಸೆಲ್ 8 ಮತ್ತು 2024ರ ಗ್ಯಾಲಕ್ಸಿ ಎಸ್24ರಿಂದ 7 ವರ್ಷಗಳ ಭರವಸೆ ದೊರೆತಿದೆ. ಅಗ್ಗದ ಫೋನುಗಳಲ್ಲಿ ಇದು ಬಹಳ ಕಡಿಮೆ. ಕೊಳ್ಳುವಾಗ ಕ್ಯಾಮೆರಾದ ಮೆಗಾಪಿಕ್ಸೆಲ್‌ಗಿಂತ ಮೊದಲು ಈ ಸಂಖ್ಯೆಯನ್ನು ಕೇಳಿ.

3. ಒಂದು ಸಂಜೆ ಶ್ರಮಿಸಲು ಸಿದ್ಧರಿರುವವರಿಗೆ ಪಿಕ್ಸೆಲ್ ಫೋನಿನಲ್ಲಿ ಗ್ರಾಫೀನ್ ಓಎಸ್. ಬ್ರೌಸರ್ ಮೂಲಕವೇ ಇದನ್ನು ಸ್ಥಾಪಿಸಿ ಬೀಗವನ್ನು ಮರಳಿ ಹಾಕಬಹುದು. ಗೂಗಲ್ ಸೇವೆಗಳು ಬೇಕೆಂದರೆ ವಿಶೇಷ ಅಧಿಕಾರವಿಲ್ಲದ ಸಾಮಾನ್ಯ ಆ್ಯಪ್‌ನಂತೆ ಇದರಲ್ಲಿ ಚಲಿಸುತ್ತವೆ. ಹೀಗಾಗಿ ಹೆಚ್ಚಿನ ಆ್ಯಪ್‌ಗಳು ಕೆಲಸ ಮಾಡುತ್ತವೆ, ಕೆಲವು ಬ್ಯಾಂಕ್ ಆ್ಯಪ್‌ಗಳು ಮಾಡುವುದಿಲ್ಲ. ನಿಮ್ಮ ಬ್ಯಾಂಕಿನದು ಯಾವ ಗುಂಪಿಗೆ ಸೇರಿದೆ ಎಂದು ಮೊದಲೇ ವಿಚಾರಿಸಿಕೊಳ್ಳಿ.

ಲಿಬ್ರೆಮ್ 5, ಪೈನ್‌ಫೋನ್‌ನಂಥ ಲಿನಕ್ಸ್ ಫೋನುಗಳಲ್ಲಿ ಮೈಕ್, ಕ್ಯಾಮೆರಾಗಳನ್ನು ಸ್ವಿಚ್ಚಿನಿಂದಲೇ ಕಡಿದುಹಾಕಬಹುದು. ಕಲಿಕೆಗೆ ಅವು ಒಳ್ಳೆಯವು. ದಿನಬಳಕೆಗೆ ಸದಾ ರಿಪೇರಿ ಮಾಡುವ ತಾಳ್ಮೆ ಬೇಕು.

ಕೈಯಲ್ಲಿರುವ ಫೋನಿನಲ್ಲೇ

ಹೊಸ ಫೋನ್ ಕೊಳ್ಳಲೇಬೇಕೆಂದಿಲ್ಲ. ಆಂಡ್ರಾಯ್ಡ್ 12 ಅಥವಾ ನಂತರದ ಆವೃತ್ತಿ ಇದ್ದರೆ ಯಾವ ಆ್ಯಪ್ ಮೈಕ್, ಕ್ಯಾಮೆರಾ, ಸ್ಥಳವನ್ನು ಯಾವಾಗ ಬಳಸಿತೆಂದು ತೋರಿಸುವ ಪುಟವೊಂದು ಸೆಟ್ಟಿಂಗ್ಸ್‌ನಲ್ಲಿದೆ. ಜಾಹೀರಾತು ಗುರುತನ್ನು ಅಳಿಸಿ. ಹವಾಮಾನ ಆ್ಯಪ್‌ಗೆ ನಿಖರ ಸ್ಥಳದ ಬದಲು ಅಂದಾಜು ಸ್ಥಳ ಕೊಡಿ. ಮಳೆ ಬರುವುದು ನಿಮ್ಮ ಮನೆಯೊಂದಕ್ಕೇ ಅಲ್ಲವಲ್ಲ! ಬಳಸದ ಆ್ಯಪ್ ತೆಗೆಯಿರಿ. ಇವೆಲ್ಲ ಒಮ್ಮೆ ಮಾಡಿದರೆ ಸಾಕು; ಆಗಾಗ ಕಣ್ಣಾಡಿಸಿದರಾಯಿತು. ಮಕ್ಕಳಿಂದ ಈ ಪುಟವನ್ನು ಒಂದು ವಾರ ಗಮನಿಸಿ ಪಟ್ಟಿ ಮಾಡಿಸಿದರೆ ತರಗತಿಗೆ ಒಳ್ಳೆಯ ಚಟುವಟಿಕೆ.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಗೆ ಕಾಯ್ದೆಯೂ ಬಂತು. ಆದರೆ ಕಾಯ್ದೆ ‘ನಿಮ್ಮ ಒಪ್ಪಿಗೆ’ ಎಂದಾಗ ಆ ಒಪ್ಪಿಗೆಯ ಗುಂಡಿ ಇರುವುದು ನಮ್ಮ ಬೆರಳಿನ ಕೆಳಗೆ. ಯಾವ ಫೋನ್ ಕೊಂಡರೂ, ಆ ಗುಂಡಿ ಒತ್ತುವ ಮುನ್ನ ಬರೆದಿರುವುದನ್ನು ಒಮ್ಮೆ ಓದಿ.