ಟೇಸ್ಟಿಂಗ್ ಪೌಡರ್ ಭಯ ಬಿಡಿ, ಅನ್ನದ ಪಾತ್ರೆ ನೋಡಿ: ಕಡಿಮೆ ಖರ್ಚಿನ ಥಾಯ್, ಟಿಬೆಟನ್, ಚೈನೀಸ್ ಹೋಟೆಲ್ ಆರಿಸುವುದು ಹೇಗೆ?

ನಿಮ್ಮ ಫ್ಯಾಮಿಲಿ ಗ್ರೂಪಿಗೂ ಇಂಥದ್ದೊಂದು ಬಂದಿರಬಹುದು. ಮೇಲೆ ಹೊಗೆಯಾಡುವ ನೂಡಲ್ಸ್ ಫೋಟೊ, ಕೆಳಗೆ ‘ಚೈನೀಸ್, ಥಾಯ್ ತಿನ್ನುವ ಮೊದಲು ಇದನ್ನು ಓದಿ. ಟೇಸ್ಟಿಂಗ್ ಪೌಡರ್ ನಿಧಾನ ವಿಷ. ನಿಮ್ಮವರಿಗೆಲ್ಲ ಕಳಿಸಿ’ ಎಂಬ ಬರಹ. ಮಕ್ಕಳು ಮೊಮೊ ಕೇಳಿದಾಗ ಹಿರಿಯರು ತೋರಿಸುವುದು ಇದನ್ನೇ. ಹಠ ಮಾಡಿದರೆ ಮಾಲಿನೊಳಗಿನ ಎಸಿ ರೆಸ್ಟೋರೆಂಟಿಗೆ ಕರೆದುಕೊಂಡು ಹೋಗಿ, ‘ನೋ ಎಂಎಸ್‌ಜಿ’ ಬೋರ್ಡು ನೋಡಿ ಸಮಾಧಾನಪಟ್ಟು, ಮೂರು ಪಟ್ಟು ಬಿಲ್ ಕಟ್ಟಿ ಬರುತ್ತಾರೆ. ಪಕ್ಕದ ಬೀದಿಯಲ್ಲಿ ಅದಕ್ಕಿಂತ ಚೆನ್ನಾಗಿ ಅಡುಗೆ ಮಾಡುವ ಪುಟ್ಟ ಹೋಟೆಲ್ ಖಾಲಿ ಕೂತಿರುತ್ತದೆ.

ಈ ಭಯಕ್ಕೆ ಆಧಾರ ತೀರಾ ಕಡಿಮೆ. ಆದರೆ ಇಂಥ ಹೋಟೆಲುಗಳಲ್ಲಿ ನಿಜಕ್ಕೂ ನೋಡಿಕೊಳ್ಳಬೇಕಾದ ಒಂದೆರಡು ಸಂಗತಿಗಳಿವೆ. ಅವು ಫಾರ್ವರ್ಡುಗಳಲ್ಲಿ ಬರುವುದೇ ಇಲ್ಲ.

ಮೊದಲು ಟೇಸ್ಟಿಂಗ್ ಪೌಡರ್ ಕಥೆ ಮುಗಿಸೋಣ. ಅಜಿನೊಮೊಟೊ ಎನ್ನುವುದು ಒಂದು ಕಂಪನಿಯ ಹೆಸರು. ವಸ್ತುವಿನ ಹೆಸರು ಮೊನೊಸೋಡಿಯಂ ಗ್ಲುಟಮೇಟ್, ಚಿಕ್ಕದಾಗಿ ಎಂಎಸ್‌ಜಿ. 1908ರಲ್ಲಿ ಜಪಾನಿನ ರಸಾಯನ ವಿಜ್ಞಾನಿ ಕಿಕುನಾಯೆ ಇಕೆಡಾ ಕೊಂಬು ಎಂಬ ಕಡಲ ಪಾಚಿಯ ಸಾರಿಗೆ ಆ ರುಚಿ ಎಲ್ಲಿಂದ ಬರುತ್ತದೆ ಎಂದು ಹುಡುಕಿ ಗ್ಲುಟಮೇಟನ್ನು ಬೇರ್ಪಡಿಸಿದರು. ಆ ರುಚಿಗೆ ಅವರಿಟ್ಟ ಹೆಸರು ಉಮಾಮಿ. ಇದೇ ಗ್ಲುಟಮೇಟ್ ಹಣ್ಣಾದ ಟೊಮೆಟೊದಲ್ಲಿದೆ, ಅಣಬೆಯಲ್ಲಿದೆ, ಚೀಸ್‌ನಲ್ಲಿದೆ, ತಾಯಿಯ ಎದೆಹಾಲಿನಲ್ಲೂ ಇದೆ. ಟೊಮೆಟೊ ಸಾರಿನಲ್ಲಿರುವುದಕ್ಕೂ ಪುಡಿಯಲ್ಲಿರುವುದಕ್ಕೂ ನಮ್ಮ ದೇಹ ವ್ಯತ್ಯಾಸ ಮಾಡುವುದಿಲ್ಲ. ಇಂದು ಆ ಪುಡಿ ತಯಾರಾಗುವುದು ಕಬ್ಬಿನ ಕಾಕಂಬಿ, ಪಿಷ್ಟದಂಥವನ್ನು ಹುದುಗಿಸಿ.

ಹಾಗಾದರೆ ವಿಷವೆಂಬ ಮಾತು ಹುಟ್ಟಿದ್ದೆಲ್ಲಿ? 1968ರಲ್ಲಿ ಅಮೆರಿಕದಲ್ಲಿದ್ದ ವೈದ್ಯ ರಾಬರ್ಟ್ ಹೋ ಮ್ಯಾನ್ ಕ್ವಾಕ್ ಅಲ್ಲಿನ ಹೆಸರಾಂತ ವೈದ್ಯಕೀಯ ಪತ್ರಿಕೆಗೆ ಒಂದು ಪತ್ರ ಬರೆದರು. ಚೈನೀಸ್ ಹೋಟೆಲಿನಲ್ಲಿ ಉಂಡಾಗ ಕತ್ತಿನ ಹಿಂಭಾಗ ಜೋಮು ಹಿಡಿಯುತ್ತದೆ, ಎದೆ ಬಡಿತ ಜೋರಾಗುತ್ತದೆ, ಕಾರಣ ಸೋಯಾ ಸಾಸೋ, ಅಡುಗೆಗೆ ಹಾಕುವ ವೈನೋ, ಎಂಎಸ್‌ಜಿಯೋ, ಉಪ್ಪೋ ಎಂದು ಅವರು ಕೇಳಿದ್ದರು. ಅದು ಪ್ರಶ್ನೆ, ಸಂಶೋಧನೆಯಲ್ಲ. ಪತ್ರಿಕೆ ಅದಕ್ಕೆ ‘ಚೈನೀಸ್ ರೆಸ್ಟೋರೆಂಟ್ ಸಿಂಡ್ರೋಮ್’ ಎಂಬ ತಲೆಬರಹ ಕೊಟ್ಟಿತು. ಪ್ರಶ್ನೆ ಮರೆತುಹೋಯಿತು, ತಲೆಬರಹ ಉಳಿಯಿತು. ವಾಟ್ಸಾಪ್ ಬರುವ ಎಷ್ಟೋ ದಶಕ ಮೊದಲಿನ ಫಾರ್ವರ್ಡ್ ಇದು!

ಆಮೇಲೆ ಪರೀಕ್ಷೆಗಳು ನಡೆದವು. ತಮಗೆ ಎಂಎಸ್‌ಜಿ ಆಗುವುದಿಲ್ಲ ಎನ್ನುವವರಿಗೇ, ಯಾವುದರಲ್ಲಿ ಅದಿದೆ ಎಂದು ಹೇಳದೆ ಕೊಟ್ಟು ನೋಡಿದರು. ಊಟವಿಲ್ಲದೆ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟಾಗ ಕೆಲವರಿಗೆ ಸ್ವಲ್ಪ ಹೊತ್ತು ತಲೆನೋವು, ಜೋಮು ಬಂದದ್ದುಂಟು. ಆದರೆ ಅವರನ್ನೇ ಮತ್ತೆ ಪರೀಕ್ಷಿಸಿದಾಗ ಅದೇ ಫಲಿತಾಂಶ ಸ್ಥಿರವಾಗಿ ಸಿಗಲಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ಸಂಸ್ಥೆಯ ಪ್ರಕಾರ ಇಂಥ ಲಕ್ಷಣ ಬರಬಹುದಾದದ್ದು ಊಟವಿಲ್ಲದೆ 3 ಗ್ರಾಂ ಅಥವಾ ಹೆಚ್ಚು ತಿಂದಾಗ. ಒಂದು ಪ್ಲೇಟ್ ತಿಂಡಿಯಲ್ಲಿ ಸಾಮಾನ್ಯವಾಗಿ ಅರ್ಧ ಗ್ರಾಮಿಗಿಂತ ಕಡಿಮೆ ಇರುತ್ತದೆ. ನಿಮಗೆ ತಿಂದಾಗಲೆಲ್ಲ ತಲೆನೋವು ಬರುತ್ತಿದ್ದರೆ ಬಿಟ್ಟುಬಿಡಿ, ತಪ್ಪೇನಿಲ್ಲ. ಅದನ್ನು ಊರಿಗೆಲ್ಲ ವಿಷವೆಂದು ಹಂಚಬೇಕಿಲ್ಲ ಅಷ್ಟೆ.

ಬಿಪಿ ಇರುವವರು ಮಾತ್ರ ಇಲ್ಲಿ ಸ್ವಲ್ಪ ನಿಲ್ಲಿ. ನಿಮ್ಮ ಶತ್ರು ಟೇಸ್ಟಿಂಗ್ ಪೌಡರ್ ಅಲ್ಲ, ಅದರಲ್ಲಿ ಸೋಡಿಯಂ ಅಡುಗೆ ಉಪ್ಪಿನ ಮೂರನೇ ಒಂದು ಭಾಗದಷ್ಟೇ ಇರುವುದು. ಒಂದು ದೊಡ್ಡ ಚಮಚ ಸೋಯಾ ಸಾಸಿನಲ್ಲಿ ಸುಮಾರು 900 ಮಿಲಿಗ್ರಾಂ ಸೋಡಿಯಂ ಇದೆ. ಇಡೀ ದಿನಕ್ಕೆ 2000 ಮಿಲಿಗ್ರಾಮಿಗಿಂತ ಕಡಿಮೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ‘ನೋ ಎಂಎಸ್‌ಜಿ’ ಬೋರ್ಡು ಇರುವಲ್ಲೂ ಸೋಯಾ ಸಾಸ್ ಇದ್ದೇ ಇರುತ್ತದೆ.

ಹೊಟ್ಟೆ ಕೆಡಿಸುವುದು ಅನ್ನ

ಫ್ರೈಡ್ ರೈಸ್ ಉದುರುದುರಾಗಿ ಬರಬೇಕಾದರೆ ಅನ್ನ ಆರಿರಬೇಕು. ಆದ್ದರಿಂದ ಹೋಟೆಲಿನವರು ಬೆಳಿಗ್ಗೆಯೇ, ಇಲ್ಲವೇ ಹಿಂದಿನ ರಾತ್ರಿಯೇ ದೊಡ್ಡ ಪಾತ್ರೆಯಲ್ಲಿ ಅನ್ನ ಮಾಡಿಟ್ಟುಕೊಳ್ಳುತ್ತಾರೆ. ತೊಂದರೆ ಶುರುವಾಗುವುದು ಆ ಪಾತ್ರೆ ಹೊರಗೇ ಉಳಿದಾಗ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರುತ್ತವೆ. ಅನ್ನ ಬೆಂದರೂ ಇವು ಸಾಯುವುದಿಲ್ಲ. ಬೆಚ್ಚಗಿನ ಅನ್ನ ಗಂಟೆಗಟ್ಟಲೆ ಹೊರಗಿದ್ದರೆ ಮೊಳೆತು, ಬೆಳೆದು, ವಿಷವೊಂದನ್ನು ಬಿಡುತ್ತವೆ. ಆ ವಿಷಕ್ಕೆ ಶಾಖದ ಭಯವಿಲ್ಲ. ಎಷ್ಟೇ ದೊಡ್ಡ ಉರಿಯಲ್ಲಿ ಬಾಣಲೆ ಎತ್ತಿ ಆಡಿಸಿದರೂ ಹೋಗುವುದಿಲ್ಲ. ತಿಂದ ಅರ್ಧದಿಂದ ಆರು ಗಂಟೆಯೊಳಗೆ ವಾಂತಿ.

ಬ್ರಿಟನ್ನಿನಲ್ಲಿ 1970ರ ದಶಕದಲ್ಲಿ ಇಂಥ ಪ್ರಕರಣಗಳು ಸಾಲುಸಾಲಾಗಿ ಬಂದಾಗ, ಚೈನೀಸ್ ಹೋಟೆಲುಗಳ ಫ್ರೈಡ್ ರೈಸ್‌ಗೂ ಇದಕ್ಕೂ ಇರುವ ನಂಟು ಗೊತ್ತಾಯಿತು. ಹಾಗೆಂದು ಇದು ಚೈನೀಸ್ ಅಡುಗೆಯ ತಪ್ಪಲ್ಲ. ರಾತ್ರಿ ಉಳಿದ ಅನ್ನವನ್ನು ಕಟ್ಟೆಯ ಮೇಲೇ ಬಿಟ್ಟು ಬೆಳಿಗ್ಗೆ ಚಿತ್ರಾನ್ನ ಮಾಡುವ ನಮ್ಮ ಮನೆಗೂ ಇದೇ ಲೆಕ್ಕ.

ಹಾಗಾಗಿ ಹೋಟೆಲಿಗೆ ಹೋದಾಗ ಬೋರ್ಡನ್ನಲ್ಲ, ಅನ್ನವನ್ನು ನೋಡಿ. ಅಡುಗೆಮನೆ ಕಾಣುವಂತಿರುವ ಸಣ್ಣ ಹೋಟೆಲಿನ ಅನುಕೂಲ ಇದೇ. ಅನ್ನದ ಪಾತ್ರೆ ಒಲೆಯ ಪಕ್ಕ ಬೆಚ್ಚಗೆ ಕೂತಿದೆಯೇ, ಫ್ರಿಜ್ಜಿನಿಂದ ಬರುತ್ತಿದೆಯೇ? ಮಧ್ಯಾಹ್ನ ನಾಲ್ಕೂವರೆಗೆ ಗಿರಾಕಿಯೇ ಇಲ್ಲದ ಜಾಗದಲ್ಲಿ ಫ್ರೈಡ್ ರೈಸ್ ಬೇಡ, ಆಗಲೇ ಬೇಯಿಸಿ ಕೊಡುವ ನೂಡಲ್ಸ್ ಸೂಪ್ ಅಥವಾ ಹಬೆಯಲ್ಲಿ ಬೆಂದ ಮೊಮೊ ಕೇಳಿ. ಜನ ಕಾದು ನಿಂತ ಪುಟ್ಟ ಹೋಟೆಲಿನಲ್ಲಿ ಅನ್ನ ಬೇಗ ಖಾಲಿಯಾಗುತ್ತದೆ. ಪಾತ್ರೆಯಲ್ಲಿ ಹಳತಾಗುವಷ್ಟು ಹೊತ್ತು ಉಳಿಯುವುದಿಲ್ಲ.

ಎರಡನೆಯದು ಬಣ್ಣ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ‘ಗೋಬಿ ಮಂಚೂರಿ ನಿಷೇಧಿಸಿತು’ ಎಂಬ ಫಾರ್ವರ್ಡ್ ಓಡಾಡಿತು. ನಿಷೇಧವಾದದ್ದು ಗೋಬಿಯಲ್ಲ, ಅದಕ್ಕೆ ಹಾಕುವ ಕೃತಕ ಬಣ್ಣ. ಪರೀಕ್ಷಿಸಿದ 171 ಮಾದರಿಗಳಲ್ಲಿ 107ರಲ್ಲಿ ಅಸುರಕ್ಷಿತ ಬಣ್ಣ ಸಿಕ್ಕಿತ್ತು. ಬಾಂಬೆ ಮಿಠಾಯಿಯಲ್ಲಿ ಸಿಕ್ಕ ರೋಡಮೈನ್-ಬಿ ಅಂತೂ ಬಟ್ಟೆಗೆ ಹಾಕುವ ಬಣ್ಣ. ಮೆಣಸಿನಕಾಯಿಯಿಂದ ಬರುವ ಕೆಂಪು ಕಂದುಬಣ್ಣಕ್ಕೆ ತಿರುಗುತ್ತದೆ. ತಟ್ಟೆ, ಬೆರಳು ಎಲ್ಲ ಗುಲಾಬಿಯಾಗುವ ಕೆಂಪು ಮೆಣಸಿನಕಾಯಿಯದ್ದಲ್ಲ. ತಳ್ಳುಗಾಡಿಯವರಿಗೆ ‘ಕಲರ್ ಹಾಕಬೇಡಿ ಅಣ್ಣ’ ಎಂದರೆ ಬಹಳ ಮಂದಿ ಬೇಸರವಿಲ್ಲದೆ ಹಾಗೇ ಮಾಡಿಕೊಡುತ್ತಾರೆ. ಕೇಳುವವರು ಕಡಿಮೆ.

ಹಾಗಾದರೆ ಹುಡುಕುವುದೆಲ್ಲಿ?

ನಮ್ಮ ಅನುಭವದಲ್ಲಿ ಒಳ್ಳೆಯ, ಕಡಿಮೆ ಖರ್ಚಿನ ಊಟ ಸಿಗುವುದು ಆ ಅಡುಗೆಯವರು ತಮ್ಮವರಿಗಾಗಿ ನಡೆಸುವ ಹೋಟೆಲಿನಲ್ಲಿ. ಕರ್ನಾಟಕದವರಿಗೆ ಇದು ದೂರವೇನಲ್ಲ. ಕುಶಾಲನಗರದ ಪಕ್ಕದ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ಟಿಬೆಟನ್ನರು ನೆಲೆಸಿದ್ದಾರೆ. ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ಕಡೆಯೂ ಅವರ ಕ್ಯಾಂಪುಗಳಿವೆ. ಬಸ್ಸಿನಲ್ಲಿ ಬಂದು ಚಿನ್ನದ ಬಣ್ಣದ ಬುದ್ಧನ ಎದುರು ಸೆಲ್ಫಿ ತೆಗೆದುಕೊಂಡು, ಊಟಕ್ಕೆ ಮಾತ್ರ ಹೆದ್ದಾರಿಯ ಬಿರಿಯಾನಿ ಹೋಟೆಲ್ ಹುಡುಕುವವರನ್ನು ಕಂಡರೆ ನಮಗೆ ಸಂಕಟವಾಗುತ್ತದೆ. ಅಲ್ಲೇ ಒಳಬೀದಿಯಲ್ಲಿ ಸನ್ಯಾಸಿಗಳು ಕೂತು ಉಣ್ಣುವ ಹೋಟೆಲುಗಳಿವೆ. ತುಕ್ಪಾ ಎಂದರೆ ತರಕಾರಿ ಅಥವಾ ಮಾಂಸದ ಸಾರಿನಲ್ಲಿ ಮುಳುಗಿದ ನೂಡಲ್ಸ್. ತೆಂತುಕ್ ಎಂದರೆ ಕೈಯಲ್ಲಿ ಕಿತ್ತು ಹಾಕಿದ ಹಿಟ್ಟಿನ ತುಂಡುಗಳ ಸಾರು. ಟಿಂಗ್ಮೊ ಹಬೆಯಲ್ಲಿ ಬೆಂದ ಮೆತ್ತನೆಯ ಬನ್ನು. ಖಾರ ಬೇಕಿದ್ದರೆ ಚಟ್ನಿ ಪಕ್ಕದಲ್ಲೇ ಇರುತ್ತದೆ.

ಬೆಂಗಳೂರಿನಲ್ಲಾದರೆ ಈಶಾನ್ಯ ರಾಜ್ಯಗಳ ಹುಡುಗ ಹುಡುಗಿಯರು ಬಾಡಿಗೆಗಿರುವ ಬಡಾವಣೆಗಳ ಒಳರಸ್ತೆಗಳನ್ನು ನೋಡಿ, ಈಜಿಪುರದಂಥವನ್ನು. ಫೋನಿನ ಮ್ಯಾಪಿನಲ್ಲಿ ‘ಏಷ್ಯನ್ ರೆಸ್ಟೋರೆಂಟ್’ ಎಂದು ಹುಡುಕಿದರೆ ಜಾಹೀರಾತು ಕೊಟ್ಟವರು ಮೇಲೆ ಬರಬಹುದು. ಅದರ ಬದಲು ತಿಂಡಿಯ ಹೆಸರನ್ನೇ ಬರೆಯಿರಿ, ತುಕ್ಪಾ, ಪ್ಯಾಡ್ ಥಾಯ್, ಹೀಗೆ. ಸ್ಟಾರ್ ಲೆಕ್ಕಕ್ಕಿಂತ ಹೊಸ ರಿವ್ಯೂಗಳನ್ನೂ ಗಿರಾಕಿಗಳೇ ಹಾಕಿದ ಮೆನು ಫೋಟೊವನ್ನೂ ನೋಡಿ. ಒಂದು ಹಾಳೆಯ ಮೆನು ಒಳ್ಳೆಯ ಲಕ್ಷಣ. ಸುಶಿಯಿಂದ ಪನೀರ್ ಬಟರ್ ಮಸಾಲದವರೆಗೆ ಇನ್ನೂರು ಐಟಂ ಇದ್ದರೆ ಅವೆಲ್ಲ ಎಷ್ಟು ದಿನದಿಂದ ಫ್ರಿಜ್ಜಿನಲ್ಲಿರಬಹುದು ಎಂದು ಲೆಕ್ಕ ಹಾಕಿಕೊಳ್ಳಿ. ಗೋಡೆಯ ಮೇಲೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ ಇರಬೇಕು. 2022ರ ಜನವರಿಯಿಂದ ಬಿಲ್ಲಿನಲ್ಲೂ ಅದು ಕಡ್ಡಾಯ.

ಥಾಯ್ ಊಟ ಮಾತ್ರ ಮೊಮೊದಷ್ಟು ಅಗ್ಗಕ್ಕೆ ಸಿಗುವುದು ಕಷ್ಟ. ಗಲಂಗಲ್, ಕಾಫಿರ್ ನಿಂಬೆ ಎಲೆ, ಹೊರದೇಶದ ಸಾಸ್‌ಗಳು ಎಲ್ಲಕ್ಕೂ ದುಡ್ಡು. ಆದರೂ ಕಾಯಿಹಾಲು, ಹುಣಸೆ, ಬೆಲ್ಲ, ಮಜ್ಜಿಗೆ ಹುಲ್ಲು ಎಂದು ಪಟ್ಟಿ ನೋಡಿದರೆ ಕರಾವಳಿಯವರಿಗೆ ನೆಂಟರ ಮನೆಗೆ ಹೋದಂತೆಯೇ. ಮಧ್ಯಾಹ್ನದ ಸೆಟ್ ಊಟ ಇದೆಯೇ ಎಂದು ಕೇಳಿ, ಸಂಜೆಗಿಂತ ಸಾಮಾನ್ಯವಾಗಿ ಕಡಿಮೆ ಬೀಳುತ್ತದೆ.

ಸಸ್ಯಾಹಾರಿಗಳು ಇಲ್ಲಿ ಗಟ್ಟಿಯಾಗಿ ಕೇಳಲೇಬೇಕಾದ ಪ್ರಶ್ನೆಯೊಂದಿದೆ. ‘ವೆಜ್ ಗ್ರೀನ್ ಕರಿ’ಯಲ್ಲಿ ತರಕಾರಿ ಮಾತ್ರ ತೇಲುತ್ತಿರಬಹುದು, ಆದರೆ ಅದರ ಮಸಾಲೆಯಲ್ಲಿ ಸಾಂಪ್ರದಾಯಿಕವಾಗಿ ಸಿಗಡಿಯಿಂದ ಮಾಡಿದ ‘ಕಪಿ’ ಎಂಬ ಪೇಸ್ಟ್ ಇರುತ್ತದೆ. ಉಪ್ಪಿನ ಬದಲಿಗೆ ಮೀನಿನ ಸಾಸ್ ‘ನಾಮ್ ಪ್ಲಾ’ ಹಾಕುತ್ತಾರೆ. ಪಪ್ಪಾಯಿ ಸಲಾಡಿನಲ್ಲಿ ಒಣಸಿಗಡಿ, ಕಿಮ್ಚಿಯಲ್ಲಿ ಮೀನು ಅಥವಾ ಸಿಗಡಿ ಸಾಮಾನ್ಯ. ‘ವೆಜ್ಜಾ?’ ಎಂದರೆ ‘ಹೌದು’ ಎಂಬ ಉತ್ತರವೇ ಬರುವುದು. ‘ಫಿಶ್ ಸಾಸ್ ಇದೆಯಾ, ಪೇಸ್ಟ್ ನೀವೇ ಮಾಡಿದ್ದಾ?’ ಎಂದು ಕೇಳಿ. ಸಿಗಡಿ ಅಥವಾ ಕಡಲೆಕಾಯಿ ಅಲರ್ಜಿ ಇರುವವರಿಗೆ ಇದು ಮಡಿಯ ಪ್ರಶ್ನೆಯಲ್ಲ, ಜೀವದ ಪ್ರಶ್ನೆ. ಥಾಯ್ಲೆಂಡಿಗೇ ಹೋದರೆ ‘ಜೇ’ ಎಂಬ ಪದ ನೆನಪಿಡಿ. ಹಳದಿ ಬಾವುಟದ ಮೇಲೆ ಕೆಂಪಕ್ಷರದಲ್ಲಿ ಅದಿದ್ದರೆ ಅಲ್ಲಿ ಮೀನು, ಮೊಟ್ಟೆ ಯಾವುದೂ ಇಲ್ಲ, ಬೆಳ್ಳುಳ್ಳಿಯೂ ಇಲ್ಲ.

ಪಾರ್ಸೆಲ್ ತಂದಾಗ ಫ್ರೈಡ್ ರೈಸ್ ಡಬ್ಬಿಯನ್ನು ಟೇಬಲ್ ಮೇಲೆ ಬಿಟ್ಟು ಸಿನಿಮಾ ನೋಡಬೇಡಿ. ಎರಡು ಗಂಟೆಯೊಳಗೆ ತಿಂದು ಮುಗಿಸಿ, ಉಳಿದರೆ ಫ್ರಿಜ್ಜಿಗಿಡಿ. ರಾತ್ರಿಯಿಡೀ ಹೊರಗಿದ್ದರೆ ಎಷ್ಟೇ ಚೆನ್ನಾಗಿ ಕಂಡರೂ, ವಾಸನೆ ಬರದಿದ್ದರೂ ಎಸೆದುಬಿಡಿ. ತಿಂದ ಮೇಲೆ ನಾಲ್ಕಾರು ಮಂದಿಗೆ ಒಟ್ಟಿಗೆ ವಾಂತಿ ಶುರುವಾದರೆ ಓಆರ್‌ಎಸ್ ಕುಡಿಸುತ್ತಾ ವೈದ್ಯರಲ್ಲಿಗೆ ಕರೆದೊಯ್ಯಿರಿ, ಮಕ್ಕಳಾದರೆ ತಡಮಾಡದೆ. ಬಿಲ್ಲನ್ನು ಎಸೆಯಬೇಡಿ: ಅದರಲ್ಲಿರುವ 14 ಅಂಕಿಗಳನ್ನು ಎಫ್‌ಎಸ್‌ಎಸ್‌ಎಐನ ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್‌ನಲ್ಲಿ ಹಾಕಿ ದೂರು ಕೊಡಬಹುದು.